ನೂರು ಲೀಟರಿನ ಮನೆ

ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಹಾದುಹೋಗುವ ಹೆದ್ದಾರಿಯನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಹೈದರಾಬಾದ್ ರಸ್ತೆ ಎಂದೇ ಕರೆಯುತ್ತಾರೆ. ಹಳೆಯ ನಕ್ಷೆಗಳಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 7 ಆಗಿತ್ತು. ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳು ಬಂದ ಮೇಲೆ ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡ 44ರ ಒಂದು ತುಂಡಾಯಿತು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನು ಭಾರತದ ನದಿಗಳ ಪಾಠ ಬಂದಾಗಲೆಲ್ಲ ಭೂಪಟದ ಮೇಲೆ ಕಡ್ಡಿಯಿಟ್ಟು, ನಮ್ಮ ಶಾಲೆಯಿಂದ ಕೂಗಳತೆಯ ದೂರದಲ್ಲಿರುವ ಈ ರಸ್ತೆಯನ್ನೇ ಹಿಡಿದು ನೇರವಾಗಿ ಉತ್ತರಕ್ಕೆ ಹೋದರೆ ಪೆನ್ನಾರ್, ತುಂಗಭದ್ರಾ, ಕೃಷ್ಣಾ, ಗೋದಾವರಿ, ನರ್ಮದಾ, ಚಂಬಲ್, ಸಟ್ಲೆಜ್, ಬಿಯಾಸ್, ರಾವಿ, ಚಿನಾಬ್ ಎಲ್ಲವನ್ನೂ ದಾಟಬಹುದು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅವುಗಳಲ್ಲಿ ಹೆಚ್ಚಿನವನ್ನು ನಾನೇ ನೋಡಿರಲಿಲ್ಲ. ಯಜಮಾನರೂ ನಾನೂ ನಿವೃತ್ತರಾದ ಮೇಲೆ, ಕಾರಿನ ಹಿಂದೆ ಒಂದು ಸಣ್ಣ ಮನೆಯನ್ನು ಕಟ್ಟಿಕೊಂಡು, ಮಾಘದ ಚಳಿ ಇಳಿಯುವ ಹೊತ್ತಿಗೆ ಹೊರಟು, ದಸರೆಯ ಹೊತ್ತಿಗೆ ಹಿಂದಿರುಗಿದೆವು.

ಹಿಂದಿರುಗಿದ ಮೇಲೆ ಬಂಧುಗಳೂ ನೆರೆಹೊರೆಯವರೂ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕಳ್ಳರ ಭಯವಿರಲಿಲ್ಲವೆ, ಡೀಸೆಲ್ಲಿಗೆ ಎಷ್ಟಾಯಿತು, ಊಟಕ್ಕೆ ಏನು ಮಾಡಿದಿರಿ, ಈ ವಯಸ್ಸಿನಲ್ಲಿ ಹುಷಾರು ತಪ್ಪಿದ್ದರೆ ಗತಿಯೇನು. ನೀರಿಗೆ ಏನು ಮಾಡಿದಿರಿ ಎಂದು ಕೇಳಿದವರು ತೀರ ಕಡಿಮೆ. ಆದರೆ ಟ್ರೇಲರಿನ ಬದುಕೆಂದರೆ ಆದಿಯಿಂದ ಅಂತ್ಯದವರೆಗೆ ನೀರಿನ ಬದುಕು; ಎಲ್ಲಿ ತುಂಬಿಸಬೇಕು, ಎಷ್ಟು ಬಳಸಬೇಕು, ಬಳಸಿದ್ದನ್ನು ಎಲ್ಲಿ ಚೆಲ್ಲಬೇಕು ಎಂಬ ಮೂರು ಚಿಂತೆಗಳ ಸುತ್ತಲೇ ಪ್ರತಿದಿನದ ದಾರಿ ನಿರ್ಧಾರವಾಗುತ್ತದೆ. ಜೀವನದಿಯೇ ಇಲ್ಲದ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಬದುಕು ಬೇರೆಯವರಿಗಿಂತ ಸುಲಭ ಎಂಬುದು ನನ್ನ ಅನುಭವ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ. ನೋಡಿದ ಊರುಗಳ ವರ್ಣನೆಯನ್ನು ಬಯಸುವವರಿಗೆ ಸ್ವಲ್ಪ ನಿರಾಸೆಯಾದೀತು.

ಮೊದಲು ಗಾಡಿಯ ವಿಷಯ. ಟೆಂಪೊ ಟ್ರಾವೆಲರಿನಂಥ ವಾಹನವನ್ನೇ ಒಳಗೆ ಮನೆಯಾಗಿ ಮಾರ್ಪಡಿಸಿಕೊಳ್ಳುವುದು ನಮ್ಮ ದೇಶದಲ್ಲಿ ಹೆಚ್ಚು ರೂಢಿಯಲ್ಲಿರುವ ದಾರಿ. ನಾವು ಎಳೆದುಕೊಂಡು ಹೋಗುವ ಟ್ರೇಲರನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣವೆಂದರೆ, ಒಂದು ಕಡೆ ಅದನ್ನು ಬಿಚ್ಚಿ ನಿಲ್ಲಿಸಿ, ಬರಿಯ ಕಾರಿನಲ್ಲಿ ಪೇಟೆಗೋ ಆಸ್ಪತ್ರೆಗೋ ಬೆಟ್ಟಕ್ಕೋ ಹೋಗಿ ಬರಬಹುದು. ಹದಿಮೂರು ಅಡಿ ಉದ್ದ, ಆರೂವರೆ ಅಡಿ ಅಗಲದ ಪೆಟ್ಟಿಗೆ ಅದು; ಒಂದು ಮಂಚ, ಎರಡು ಉರಿಯ ಗ್ಯಾಸ್ ಒಲೆ, ಐದು ಕಿಲೋ ಸಿಲಿಂಡರು, ಸಣ್ಣ ಫ್ರಿಜ್ಜು, ಒಬ್ಬರು ನಿಂತರೆ ಮೊಣಕೈ ಗೋಡೆಗೆ ತಾಗುವ ಬಚ್ಚಲು. ಟ್ರೇಲರಿಗೂ ಸಾರಿಗೆ ಕಚೇರಿಯಲ್ಲಿ ಪ್ರತ್ಯೇಕ ನೋಂದಣಿ ಆಗಬೇಕು, ಚಲಿಸುವಾಗ ಅದರೊಳಗೆ ಯಾರೂ ಕೂರಬಾರದು. ಕಾರು ಬ್ರೇಕು ಹಾಕಿದಾಗ ಹಿಂದಿನ ಗಾಡಿ ಮುಂದಕ್ಕೆ ನೂಕುವ ಒತ್ತಡದಿಂದಲೇ ಅದರ ಚಕ್ರಗಳಿಗೂ ಬ್ರೇಕು ಬೀಳುವ ವ್ಯವಸ್ಥೆ ಕೊಂಡಿಯಲ್ಲಿದೆ.

ಟ್ರೇಲರ್ ಎಂದೊಡನೆ ಎಲ್ಲರೂ ಹೆದರುವುದು ಹಿಮ್ಮುಖವಾಗಿ ಓಡಿಸುವುದಕ್ಕೆ, ಏಕೆಂದರೆ ಹಿಂದಿನ ಗಾಡಿ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಬೇಕು. ನಮ್ಮ ಯಜಮಾನರಿಗೆ ಆ ವಿದ್ಯೆ ಹದಿಹರೆಯದಲ್ಲೇ ಬಂದಿತ್ತು. ಪೇರೇಸಂದ್ರದ ಕಡೆಯ ತಮ್ಮ ಹೊಲದಿಂದ ಟ್ರಾಕ್ಟರಿನಲ್ಲಿ ಟೊಮ್ಯಾಟೊ ಹೇರಿಕೊಂಡು ಹೋಗಿ, ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಹಿಂದಕ್ಕೆ ತಂದು ನಿಲ್ಲಿಸಿದವರಿಗೆ ಪೆಟ್ರೋಲ್ ಬಂಕಿನ ಅಂಗಳ ಏನು ಮಹಾ. ಆದರೆ ಟ್ರಾಕ್ಟರ್ ಕಲಿಸದ ಒಂದು ಸಂಗತಿ ಇತ್ತು, ಅದು ತೂಕದ ಹಂಚಿಕೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಹಿಂಭಾಗ ಭಾರವಾದರೆ, ವೇಗ ಹೆಚ್ಚಿದಂತೆ ಅಥವಾ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ, ಗಾಡಿ ಅತ್ತಿತ್ತ ತೂಗಾಡಲು ತೊಡಗುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ನೂರು ಲೀಟರಿನ ಟ್ಯಾಂಕು ತುಂಬಿದರೆ ನೂರು ಕಿಲೋ. ಆದ್ದರಿಂದ ಟ್ಯಾಂಕನ್ನು ಅಚ್ಚಿನ ಮೇಲೆಯೇ ಕೂರಿಸಿದ್ದಾರೆ. ಅಕ್ಕಿ, ರಾಗಿಹಿಟ್ಟು, ಬೇಳೆಯ ಡಬ್ಬಗಳೆಲ್ಲ ಅದರ ಮುಂದಕ್ಕೆ, ಹಾಸಿಗೆ ಬಟ್ಟೆಗಳು ಹಿಂದಕ್ಕೆ. ಹೀಗೆ ಅಡುಗೆಮನೆಯ ಸಾಮಾನು ಜೋಡಿಸುವ ಹಕ್ಕು ನನ್ನ ಕೈತಪ್ಪಿ ಯಜಮಾನರ ಕೈಸೇರಿತು. ಜನರ ಬಾಯಲ್ಲಿ ಇಂದಿಗೂ ಕೆಇಬಿ ಎಂದೇ ಉಳಿದಿರುವ ವಿದ್ಯುತ್ ಕಂಪನಿಯಲ್ಲಿ ಇದ್ದವರಾದ್ದರಿಂದ ಚಾವಣಿಯ ಸೋಲಾರ್ ಫಲಕ, ಬ್ಯಾಟರಿ, ವೈರಿಂಗ್ ಎಲ್ಲವೂ ಅವರದೇ ಕೈಕೆಲಸ. ಬ್ಯಾಟರಿಯಲ್ಲಿ ಸಿಗುವುದು ಒಂದೂವರೆ ಯೂನಿಟ್ಟಿನಷ್ಟು ಮಾತ್ರ. ಅದು ಫ್ರಿಜ್ಜು, ಫ್ಯಾನು, ದೀಪ, ನೀರಿನ ಪಂಪು, ಮೊಬೈಲುಗಳಿಗೆ ಸಾಕು, ಎ.ಸಿ. ಮತ್ತು ಇಂಡಕ್ಷನ್ ಒಲೆಯ ಮಾತೇ ಇಲ್ಲ. ಬೇಸಿಗೆ ಹತ್ತುವ ಮೊದಲೇ ವಿದರ್ಭವನ್ನು ದಾಟಿಬಿಡಬೇಕು ಎಂದು ನಾವು ಹೊರಡುವ ತಿಂಗಳನ್ನು ಗೊತ್ತುಮಾಡಿಕೊಂಡದ್ದು ಈ ಕಾರಣಕ್ಕೆ.

ಇನ್ನು ನೀರಿನ ಲೆಕ್ಕ. ಜಲಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ, ನಗರಗಳಿಗೆ ರೂಢಿಯ ಲೆಕ್ಕ 135 ಲೀಟರ್. ನಾವಿಬ್ಬರೂ ಸೇರಿ ದಿನಕ್ಕೆ ನಲವತ್ತು ಲೀಟರಿನ ಆಸುಪಾಸಿನಲ್ಲಿ ಇದ್ದೆವು: ಸ್ನಾನಕ್ಕೆ ತಲಾ ಅರ್ಧ ಬಕೆಟ್ಟು, ಪಾತ್ರೆಗೆ ಎಂಟು ಲೀಟರ್, ಕುಡಿಯಲು ಮತ್ತು ಅಡುಗೆಗೆ ಮತ್ತೆ ಎಂಟು, ಉಳಿದದ್ದು ಕೈಕಾಲು ಮುಖಕ್ಕೆ. ಬಟ್ಟೆಯನ್ನು ನೀರು ಧಾರಾಳವಾಗಿ ಸಿಕ್ಕ ಕಡೆ ಮಾತ್ರ ಒಗೆಯುತ್ತಿದ್ದೆವು. ನಲ್ಲಿ ತಿರುಗಿಸಿದರೆ ಪಂಪು ನಿಮಿಷಕ್ಕೆ ಐದಾರು ಲೀಟರ್ ಸುರಿಯುತ್ತದೆ, ಹಾಗಾಗಿ ಪಾತ್ರೆ ತೊಳೆಯುವಾಗ ಪಂಪಿನ ಸ್ವಿಚ್ಚು ಆರಿಸಿ ಬೋಗುಣಿಯಲ್ಲಿ ನೀರಿಟ್ಟುಕೊಂಡು ತಂಬಿಗೆಯಿಂದ ಸುರಿದುಕೊಳ್ಳುತ್ತಿದ್ದೆ. ಇದನ್ನು ನಾನು ಯಾರಿಂದಲೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಟ್ಯಾಂಕರ್ ಬರುವ ದಿನ ಬಿಂದಿಗೆಗಳನ್ನು ಸಾಲಿಗಿಟ್ಟು, ಮುಖ ತೊಳೆದ ನೀರನ್ನು ಬಟ್ಟೆ ನೆನೆಹಾಕಲು, ಅಕ್ಕಿ ತೊಳೆದ ನೀರನ್ನು ಕಲಗಚ್ಚಿಗೆ, ಪಾತ್ರೆ ತೊಳೆದ ಕೊನೆಯ ನೀರನ್ನು ಕರಿಬೇವಿನ ಗಿಡಕ್ಕೆ ಎಂದು ವಿಂಗಡಿಸಿದ ಮನೆಗಳಲ್ಲೇ ನಾವೆಲ್ಲ ಬೆಳೆದದ್ದು. ಕೊಳವೆ ಬಾವಿ ಸಾವಿರದ ಇನ್ನೂರು, ಸಾವಿರದ ಐನೂರು ಅಡಿಗೆ ಇಳಿದರೂ ಬರಿಯ ದೂಳು ಬಂದ ವರ್ಷಗಳನ್ನು ನಮ್ಮ ಜಿಲ್ಲೆ ಕಂಡಿದೆ.

ನಮ್ಮ ಅಡುಗೆಯೂ ಈ ಲೆಕ್ಕಕ್ಕೆ ಒಗ್ಗಿದ್ದು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರೇ ಬಸ್ಸಾರಾಗುತ್ತದೆ, ಬೆಂದದ್ದು ಪಲ್ಯವಾಗುತ್ತದೆ, ಚೆಲ್ಲುವುದು ಏನೂ ಇಲ್ಲ. ಮುದ್ದೆಯದು ಮಾತ್ರ ಬೇರೆ ಕಥೆ. ಹಿಟ್ಟು ತೊಳಸುವಾಗ ಕೋಲಿನ ಒತ್ತಡಕ್ಕೆ ಇಡೀ ಟ್ರೇಲರ್ ಓಲಾಡುತ್ತಿತ್ತು. ನಾಲ್ಕು ಮೂಲೆಯ ಜಾಕಿಗಳನ್ನೂ ನೆಲಕ್ಕೆ ಇಳಿಸಿ ಬಿಗಿಮಾಡದೆ ಮುದ್ದೆಗೆ ಎಸರಿಡುವಂತಿರಲಿಲ್ಲ. ರಾತ್ರಿ ತಂಗುವ ಜಾಗದಲ್ಲಿ ನೆಲ ಗಟ್ಟಿಯಿಲ್ಲದಿದ್ದರೆ ಅಂದು ಅನ್ನವೇ ಗತಿ. ಮುದ್ದೆಯ ಪಾತ್ರೆಗೆ ಹತ್ತಿದ ಹೆಕ್ಕಳವನ್ನು ಸ್ವಲ್ಪ ಮಜ್ಜಿಗೆ ಹಾಕಿ ನೆನೆಸಿಟ್ಟರೆ ತೊಳೆಯುವ ನೀರೂ ಉಳಿಯುತ್ತದೆ, ಮರುದಿನ ಬೆಳಿಗ್ಗೆ ಯಜಮಾನರಿಗೆ ಕುಡಿಯಲೂ ಆಗುತ್ತದೆ.

ಬಾಗೇಪಲ್ಲಿ ದಾಟಿದರೆ ಆಂಧ್ರ. ನಮ್ಮ ಭಾಗದ ಜನರಿಗೆ ಅರ್ಧ ಮಾತು ತೆಲುಗೇ ಆದ್ದರಿಂದ ಹೈದರಾಬಾದಿನವರೆಗೂ ಪರಸ್ಥಳವೆಂದು ಅನ್ನಿಸಲಿಲ್ಲ. ಅನಂತಪುರ ಕಳೆದು ಪಾಮಿಡಿಯ ಬಳಿ ಪೆನ್ನಾರ್ ನದಿಯನ್ನು ದಾಟಿದೆವು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರಿನ ಮೂಲಕ ಹರಿಯಬೇಕಾದ ನಮ್ಮ ಉತ್ತರ ಪಿನಾಕಿನಿಯೇ ಇದು. ಹರಿಯಬೇಕಾದ ಎಂದು ಬರೆದದ್ದು ಬೇಕೆಂದೇ, ಏಕೆಂದರೆ ನಮ್ಮಲ್ಲಿ ಅದನ್ನು ಮರಳಿನ ಗುರುತಿನಿಂದಷ್ಟೇ ನದಿಯೆಂದು ತಿಳಿಯಬೇಕು. ಪಾಮಿಡಿಯಲ್ಲೂ ಸೇತುವೆಯ ಕೆಳಗೆ ಅಗಲವಾದ ಮರಳೇ ಇತ್ತು. ಕರ್ನೂಲಿನಲ್ಲಿ ತುಂಗಭದ್ರೆ, ಅಲ್ಲಿಂದ ಮುಂದೆ ಬೀಚುಪಲ್ಲಿಯ ಆಂಜನೇಯನ ಗುಡಿಯ ಪಕ್ಕದಲ್ಲಿ ಕೃಷ್ಣೆ ಸಿಕ್ಕ ಮೇಲೆಯೇ ನೀರನ್ನು ನೀರಾಗಿ ನೋಡಿದ್ದು.

ಈ ಭಾಗದಲ್ಲಿ ಕುಡಿಯುವ ನೀರಿನ ವಿಷಯದಲ್ಲಿ ಎಚ್ಚರ ಬೇಕು. ಪ್ರವಾಸ ಹೊರಡುವವರು ಇತ್ತೀಚೆಗೆ ಟಿ.ಡಿ.ಎಸ್. ಮೀಟರನ್ನು ಜೇಬಿನಲ್ಲಿಟ್ಟುಕೊಂಡು, ಅದರಲ್ಲಿ ಅಂಕಿ ಕಡಿಮೆ ಬಂದರೆ ನೀರು ಶುದ್ಧವೆಂದು ತೀರ್ಮಾನಿಸುತ್ತಾರೆ. ಅದು ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಅಂದಾಜನ್ನು ಮಾತ್ರ ಕೊಡುತ್ತದೆ. 500 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದೆಂಬ ಮಾನದಂಡವಿರುವುದು ನಿಜವಾದರೂ, ಆ ಲವಣಗಳಲ್ಲಿ ಫ್ಲೋರೈಡ್ ಎಷ್ಟೆಂದು ಮೀಟರು ಹೇಳುವುದಿಲ್ಲ, ರೋಗಾಣುಗಳ ಸುದ್ದಿಯನ್ನಂತೂ ಎತ್ತುವುದೇ ಇಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ಕೊಳವೆ ಬಾವಿಗಳು ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಿಂದ ಹಿಡಿದು ಅನಂತಪುರ, ನಲ್ಗೊಂಡದವರೆಗೆ ಹಬ್ಬಿವೆ. ಹಲ್ಲು ಕಂದಿದ, ಮೊಣಕಾಲು ಬಾಗಿದ ಮಕ್ಕಳನ್ನು ತರಗತಿಯಲ್ಲಿ ನೋಡಿದ ನನಗೆ ಇದು ಪುಸ್ತಕದ ವಿಷಯವಲ್ಲ. ಆದ್ದರಿಂದ ಟ್ಯಾಂಕಿಗೆ ತುಂಬುವ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬ ನಿಯಮವನ್ನು ಕೊನೆಯವರೆಗೂ ಮುರಿಯಲಿಲ್ಲ. ನಮ್ಮೂರಿನಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಹಿಡಿಯುವ ಶುದ್ಧ ನೀರಿನ ಘಟಕಗಳಿರುವಂತೆ ದಾರಿಯುದ್ದಕ್ಕೂ ಒಂದಲ್ಲ ಒಂದು ರೂಪದಲ್ಲಿ ಆರ್.ಓ. ನೀರಿನ ಅಂಗಡಿಗಳಿವೆ, ಎರಡು ಕ್ಯಾನುಗಳನ್ನು ಅಲ್ಲಿ ತುಂಬಿಸಿಕೊಳ್ಳುತ್ತಿದ್ದೆವು.

ಹೈದರಾಬಾದಿನಿಂದ ಹೆದ್ದಾರಿಯನ್ನು ಬಿಟ್ಟು ಬೀದರಿಗೆ ಹೋದದ್ದು ನನ್ನ ಹಠದಿಂದ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ, ಅಂದರೆ 15ನೇ ಶತಮಾನದ, ಕರೇಜ್ ಇದೆ. ಪರ್ಷಿಯಾದಿಂದ ಬಂದ ಈ ತಂತ್ರದಲ್ಲಿ ಎತ್ತರದ ಒಂದು ತಾಯಿಬಾವಿಯಿಂದ ನೆಲದೊಳಗೇ ಅತಿ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಗಾಳಿ ಬೆಳಕಿಗೂ ಹೂಳೆತ್ತುವುದಕ್ಕೂ ನಡುನಡುವೆ ಮೇಲಿನಿಂದ ಬಾವಿಗಳನ್ನು ಇಳಿಸಿ, ಯಾವ ಯಂತ್ರವೂ ಇಲ್ಲದೆ ನೀರನ್ನು ಊರಿಗೆ ಹರಿಸುತ್ತಾರೆ. ಅಲ್ಲಿನ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆಗಳೆಂಬ ನೆಲಮಟ್ಟದ ಒರತೆಗಳಿದ್ದವು, ಕೆಲವು ಇನ್ನೂ ಇವೆ. ಅವುಗಳಿಂದ ಕಾಲುವೆ ತೆಗೆದು ಗದ್ದೆ ತೋಟಗಳಿಗೆ ನೀರು ಹರಿಸುತ್ತಿದ್ದರು. ಮೇಲ್ಮಟ್ಟದ ಅಂತರ್ಜಲ ಬತ್ತಿದರೆ ಎರಡರ ಗತಿಯೂ ಒಂದೇ. ಆ ರಾತ್ರಿ ತಂಗಿದ್ದು ಗುರುದ್ವಾರ ನಾನಕ್ ಝಿರಾ ಸಾಹಿಬ್‌ನ ಅಂಗಳದಲ್ಲಿ. ಉಪ್ಪುನೀರಿನ ಆ ಊರಿನಲ್ಲಿ ಗುರು ನಾನಕರು ಕಾಲಿನಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬುದು ಅಲ್ಲಿನ ನಂಬಿಕೆ, ಆ ಬುಗ್ಗೆ ಇಂದಿಗೂ ಇದೆ. ಮುಂದೆ ನಾಂದೇಡಿನಲ್ಲೂ, ಪಂಜಾಬಿನುದ್ದಕ್ಕೂ ನಮಗೆ ನೀರು, ನಿಲ್ಲಲು ನೆಲ, ಊಟ ಮೂರನ್ನೂ ಒಂದು ಮಾತೂ ಕೇಳದೆ ಕೊಟ್ಟವರು ಗುರುದ್ವಾರದವರು. ನಮ್ಮ ದೇಶದಲ್ಲಿ ಟ್ರೇಲರುಗಳಿಗೆಂದೇ ಇರುವ ತಂಗುದಾಣಗಳು ಬೆರಳೆಣಿಕೆಯಷ್ಟು. ಲಾರಿಗಳು ಸಾಲಾಗಿ ನಿಂತಿರುವ ದೊಡ್ಡ ಢಾಬಾ, ರಾತ್ರಿಯೂ ತೆರೆದಿರುವ ಪೆಟ್ರೋಲ್ ಬಂಕು, ಗುರುದ್ವಾರ, ಊರ ಹೊರಗಿನ ದೇವಸ್ಥಾನ, ಇವೇ ನಮ್ಮ ತಂಗುದಾಣಗಳು. ಲಾರಿ ಚಾಲಕರು ನಿಲ್ಲುವ ಜಾಗದಲ್ಲಿ ಭಯವಿಲ್ಲ ಎಂಬುದು ಯಜಮಾನರ ಸೂತ್ರ, ಅದು ಸುಳ್ಳಾಗಲಿಲ್ಲ.

ನಾಗಪುರದವರೆಗಿನ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂದು ಟೋಲಿನಲ್ಲಿ ನಮ್ಮದು ಯಾವ ವರ್ಗದ ವಾಹನವೆಂದು ಅವರಿಗೂ ತಿಳಿಯದೆ, ನಮಗೂ ತಿಳಿಸಲಾಗದೆ, ಹಿಂದೆ ನಿಂತ ಲಾರಿಗಳ ಹಾರನ್ನಿನ ನಡುವೆ ಬಹಳ ಹೊತ್ತು ವಾದವಾಯಿತು. ಪೇಂಚ್ ಕಾಡಿನಲ್ಲಿ ಹುಲಿ, ಜಿಂಕೆಗಳು ಕೆಳಗಿನಿಂದ ದಾಟಲೆಂದು ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತರಿಸಿರುವುದನ್ನು ನೋಡಿ ಸಂತೋಷವಾಯಿತು. ಬರ್ಮಾನದಲ್ಲಿ ನರ್ಮದೆಯ ದಡದಲ್ಲಿ ಕೆಲವು ದಿನ ನಿಂತೆವು. ನರ್ಮದಾ ಪರಿಕ್ರಮ ಮಾಡುವವರು ನದಿಯನ್ನು ಸದಾ ಬಲಕ್ಕೆ ಇಟ್ಟುಕೊಂಡು, ಎಲ್ಲಿಯೂ ದಾಟದೆ, ಒಂದು ದಡದಲ್ಲಿ ಸಮುದ್ರದವರೆಗೆ ಹೋಗಿ ಇನ್ನೊಂದು ದಡದಲ್ಲಿ ಹಿಂದಿರುಗುತ್ತಾರೆ. ಅಂಥ ಒಬ್ಬ ವೃದ್ಧೆ ನಮ್ಮ ಟ್ಯಾಂಕು, ಪಂಪು, ಪೈಪುಗಳನ್ನೆಲ್ಲ ಕುತೂಹಲದಿಂದ ನೋಡಿ, ಇಷ್ಟೊಂದು ನೀರನ್ನು ಹೊತ್ತು ತಿರುಗುವುದೇಕೆ ಎಂದು ಕೇಳಿದರು. ನದಿಯ ಪಕ್ಕದಲ್ಲೇ ಇಡೀ ದಾರಿ ನಡೆಯುವವರು ಕೇಳಬಹುದಾದ ಪ್ರಶ್ನೆ ಅದು. ನಮ್ಮ ಕಡೆಯವರು ಯಾರೂ ಕೇಳಲಾರರು.

ಸಂಕೋಚದಿಂದ ಯಾರೂ ಬರೆಯದ ವಿಷಯವನ್ನೂ ಬರೆಯಬೇಕು. ನಮ್ಮ ಶೌಚಾಲಯದ ಕೆಳಗೆ ಇಪ್ಪತ್ತು ಲೀಟರಿನ, ಹೊರಗಿನಿಂದ ಎಳೆದು ತೆಗೆಯಬಹುದಾದ ಪೆಟ್ಟಿಗೆಯಿದೆ. ಇಬ್ಬರಿದ್ದರೆ ಎರಡು ಮೂರು ದಿನಕ್ಕೊಮ್ಮೆ ಅದನ್ನು ಖಾಲಿಮಾಡಲೇಬೇಕು. ಹೊಲಕ್ಕೋ ಹಳ್ಳಕ್ಕೋ ಸುರಿದು ಹೋಗುವವರಿದ್ದಾರೆಂದು ಕೇಳಿದ್ದೇನೆ. ಅದಕ್ಕಿಂತ ಹೇಯವಾದ ಕೆಲಸವಿಲ್ಲ. ನಾವು ಸಾರ್ವಜನಿಕ ಶೌಚಾಲಯದವರಿಗೆ ಮೊದಲೇ ವಿಷಯ ತಿಳಿಸಿ, ಹಣ ಕೊಟ್ಟು, ಅಲ್ಲಿಯೇ ಸುರಿದು ತೊಳೆದುಕೊಳ್ಳುತ್ತಿದ್ದೆವು. ವಾಸನೆ ತಡೆಯಲು ಮಾರುವ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುವಂಥವು ಶೌಚಗುಂಡಿಯಲ್ಲಿ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ, ಆದ್ದರಿಂದ ಜೈವಿಕ ಪುಡಿಯನ್ನೇ ಬಳಸಬೇಕು. ಈ ಕೆಲಸವನ್ನು ಯಜಮಾನರು ತಾವಾಗಿಯೇ ವಹಿಸಿಕೊಂಡರು. ಮನೆಯಲ್ಲಿ ಒಂದು ಲೋಟವನ್ನೂ ತೊಳೆದಿಡದಿದ್ದವರು ಹೀಗಾದರೆಂದು ನನ್ನ ನಾದಿನಿ ಇನ್ನೂ ನಂಬಿಲ್ಲ. ಬಚ್ಚಲಿನ ಮತ್ತು ಪಾತ್ರೆಯ ನೀರಿಗೆ ಬೇರೆ ಟ್ಯಾಂಕಿತ್ತು. ಸೋಪು ಕಡಿಮೆ ಬಳಸಿ, ಢಾಬಾದವರನ್ನು ಕೇಳಿ, ಅವರ ಬೇವಿನ ಮರಕ್ಕೋ ಹೂವಿನ ಗಿಡಗಳಿಗೋ ಬಿಡುತ್ತಿದ್ದೆವು.

ಬುಂದೇಲಖಂಡ ತಲುಪಿದಾಗ ಊರಿಗೇ ಹಿಂದಿರುಗಿದಂತಾಯಿತು: ಅದೇ ಬಂಡೆಗುಡ್ಡಗಳು, ಅದೇ ಬಿಸಿಲು, ಅವೇ ಕೆರೆಗಳು. ಸಾಗರ ಎಂಬ ಊರಿಗೆ ಆ ಹೆಸರು ಬಂದದ್ದೇ ಅಲ್ಲಿನ ದೊಡ್ಡ ಕೆರೆಯಿಂದ. ಲಾಖಾ ಬಂಜಾರ ಎಂಬುವನು ಕಟ್ಟಿಸಿದ ಆ ಕೆರೆಯಲ್ಲಿ ನೀರು ನಿಲ್ಲದೆ, ಅವನು ಮಗ ಸೊಸೆಯರನ್ನು ಬಲಿಕೊಡಬೇಕಾಯಿತೆಂಬ ಐತಿಹ್ಯವನ್ನು ಅಲ್ಲಿಯವರು ಹೇಳುತ್ತಾರೆ. ನಮ್ಮ ಕೆರೆಯ ಏರಿಗಳ ಮೇಲೂ ಇಂಥ ಕಥೆಗಳಿವೆ, ಇಲ್ಲಿ ಮಗನಿಗೂ ವಿನಾಯಿತಿ ಕೊಟ್ಟು ಸೊಸೆಯೊಬ್ಬಳನ್ನೇ ಬಲಿಕೊಟ್ಟಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಚಂಬಲ್, ಆಗ್ರಾ, ಯಮುನೆ ಬೇಗ ಕಳೆದುಹೋದವು. ದೆಹಲಿಯನ್ನು ನಾವು ಹೊಗಲೇ ಇಲ್ಲ. ಪಲ್ವಲ್ ಬಳಿ ಹೊರವರ್ತುಲ ರಸ್ತೆಗೆ ತಿರುಗಿ ಕುಂಡ್ಲಿಯಲ್ಲಿ ಮತ್ತೆ 44ಕ್ಕೆ ಬಂದೆವು.

ಬೇಸಿಗೆಯನ್ನೆಲ್ಲ ಕಳೆದದ್ದು ಪಠಾಣಕೋಟೆಯಿಂದ ಪೂರ್ವಕ್ಕಿರುವ ಕಾಂಗ್ರಾ ಕಣಿವೆಯಲ್ಲಿ, ಪಾಲಂಪುರದ ಹತ್ತಿರ. ಸೇನೆಯಲ್ಲಿದ್ದಾಗ ಕೆಲವು ವರ್ಷ ಬೆಂಗಳೂರಿನಲ್ಲಿದ್ದ, ಇಂದಿಗೂ ‘ಊಟ ಆಯ್ತಾ ಅಮ್ಮ’ ಎಂದು ಕೇಳಬಲ್ಲ ಹಿರಿಯರೊಬ್ಬರು ತಮ್ಮ ಹಿತ್ತಲಿನಲ್ಲಿ ಟ್ರೇಲರಿಗೆ ಜಾಗ ಕೊಟ್ಟರು. ಆ ಹಿತ್ತಲಿನ ಅಂಚಿನಲ್ಲೇ ಮೊಣಕಾಲುದ್ದದ ಒಂದು ಕಾಲುವೆ ಹಗಲಿರುಳು ಹರಿಯುತ್ತಿತ್ತು. ಧೌಲಾಧಾರ್ ಪರ್ವತದ ಹಿಮ ಕರಗಿ ಇಳಿಯುವ ತೊರೆಗಳಿಗೆ ಮೇಲ್ಭಾಗದಲ್ಲಿ ಕಲ್ಲು ಕೊಂಬೆಗಳ ಒಡ್ಡು ಕಟ್ಟಿ, ಗುಡ್ಡದ ಮೈಯನ್ನು ಬಳಸಿಕೊಂಡು ಊರಿಂದೂರಿಗೆ ಹರಿಸುವ ಈ ಕಾಲುವೆಗಳನ್ನು ಅಲ್ಲಿ ಕೂಲ್ ಎನ್ನುತ್ತಾರೆ. ಇಂಥವು ಆ ಜಿಲ್ಲೆಯಲ್ಲಿ ನೂರಾರು ಇವೆ, ಕೆಲವನ್ನು ಕಟೋಚ್ ಅರಸರ ಕಾಲದಲ್ಲಿ ತೋಡಿದ್ದು. ಪ್ರತಿ ಕೂಲ್‌ಗೂ ಕೊಹ್ಲಿ ಎಂಬ ಒಬ್ಬ ಮೇಲ್ವಿಚಾರಕನಿರುತ್ತಾನೆ. ಮಳೆಗಾಲದ ನಾಟಿಗೆ ಮೊದಲು ಒಡ್ಡಿನ ಬಳಿ ಪೂಜೆ ಮಾಡಿಸಿ, ಮನೆಗೊಂದಾಳಿನಂತೆ ಜನರನ್ನು ಕೂಡಿಸಿ ಹೂಳೆತ್ತಿಸಿ, ಯಾರ ಗದ್ದೆಗೆ ಯಾವಾಗ ನೀರೆಂದು ಸರದಿ ಹಾಕಿ, ಜಗಳ ಬಂದರೆ ಬಿಡಿಸುವವನು ಅವನೇ. ಅವನ ದುಡಿಮೆಗೆ ಪ್ರತಿಫಲ ಸಿಗುವುದು ಸುಗ್ಗಿಯಲ್ಲಿ, ಧಾನ್ಯದ ರೂಪದಲ್ಲಿ.

ಇದನ್ನೆಲ್ಲ ಕೇಳುತ್ತಿದ್ದಾಗ ಯಜಮಾನರು, ‘ಇವ್ನು ನಮ್ಮ ನೀರ್ಗಂಟಿನೇ ಕಣೇ’ ಎಂದರು. ನಿಜವೇ. ಅವಿಭಜಿತ ಕೋಲಾರ ಜಿಲ್ಲೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಕಾಯ್ದದ್ದು ನೀರುಗಂಟಿಗಳು. ತೂಬು ಎತ್ತುವುದು, ಇಳಿಸುವುದು, ಕೆರೆಯ ನೀರಿನ ಮಟ್ಟ ನೋಡಿ ಈ ಸಲ ಎಷ್ಟು ಗದ್ದೆಗೆ ನಾಟಿಯೆಂದು ಹೇಳುವುದು, ಮಳೆಯ ರಾತ್ರಿ ಏರಿಯ ಮೇಲೆ ಕಾವಲಿರುವುದು, ಎಲ್ಲವೂ ಅವರ ಕೆಲಸ. ಬಹುಪಾಲು ದಲಿತ ಕುಟುಂಬಗಳಿಗೆ ಸೇರಿದ ಅವರಿಗೂ ಸುಗ್ಗಿಯಲ್ಲಿ ಕಣದಿಂದಲೇ ಪಾಲು. ಕೊಳವೆ ಬಾವಿ ಬಂದ ಮೇಲೆ ಪ್ರತಿಯೊಬ್ಬ ರೈತನೂ ತನ್ನ ಸ್ವಿಚ್ಚಿಗೆ ತಾನೇ ಒಡೆಯನಾದ; ಕೆರೆಯಲ್ಲಿ ಹೂಳು ತುಂಬಿತು, ನೀರುಗಂಟಿಯ ಮಗ ಬೆಂಗಳೂರಿಗೆ ಹೋದ. ಕಾಂಗ್ರಾದಲ್ಲಿ ಕೊಹ್ಲಿ ಇನ್ನೂ ಉಳಿದಿರುವುದು ಅಲ್ಲಿಯವರು ನಮಗಿಂತ ಒಳ್ಳೆಯವರೆಂದಲ್ಲ, ಇಳಿಜಾರಿನ ನೀರನ್ನು ಒಬ್ಬನೇ ತಡೆದಿಟ್ಟುಕೊಳ್ಳಲು ಬರುವುದಿಲ್ಲ ಎಂಬ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಅಲ್ಲಿಯೂ ಕೆಲವು ಕೂಲ್‌ಗಳನ್ನು ಸರ್ಕಾರ ವಹಿಸಿಕೊಂಡು ಸಿಮೆಂಟು ಹಾಕಿದೆ, ಹೊರಗಿನ ಸಂಬಳ ಸಿಗುವ ಮನೆಗಳಿಂದ ಹೂಳೆತ್ತಲು ಆಳು ಬರುವುದು ಕಡಿಮೆಯಾಗಿದೆ. ಆ ಹಿರಿಯರು ಈ ಬಗ್ಗೆ ಬೇಸರಪಟ್ಟುಕೊಂಡಾಗ, ನಮ್ಮ ಕೆರೆಗಳಿಗೆ ಈಗ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ತುಂಬಿಸುತ್ತಾರೆ, ಕೋಲಾರಕ್ಕೆ 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ನೀರು, ನಮ್ಮ ಕಂದವಾರದ ಕೆರೆಗೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯ ನೀರು ಎಂದು ವಿವರಿಸಿದೆವು. ಅವರು ನಂಬಲಿಲ್ಲ. ಆ ನೀರಿನಿಂದ ಕೊಳವೆ ಬಾವಿಗಳು ಮತ್ತೆ ಜೀವಹಿಡಿದದ್ದೂ ನಿಜ, ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ರೈತರು ಪಟ್ಟುಹಿಡಿದಿರುವುದೂ ನಿಜ. ಹಿಂದಿಯಲ್ಲಿ ಎರಡನ್ನೂ ಒಟ್ಟಿಗೆ ತಿಳಿಸುವಷ್ಟು ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಕಾಶ್ಮೀರಕ್ಕೆ ಟ್ರೇಲರನ್ನು ಒಯ್ಯಲಿಲ್ಲ. ರಾಂಬನ್ ಮತ್ತು ಬನಿಹಾಲ್ ನಡುವೆ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಸಾಮಾನ್ಯ, ಅಲ್ಲಿ ಎಳೆಗಾಡಿಯೊಂದಿಗೆ ಸಿಕ್ಕಿಹಾಕಿಕೊಳ್ಳುವುದು ಬೇಡವೆಂದು ಪಾಲಂಪುರದಲ್ಲೇ ಅದನ್ನು ಬಿಟ್ಟು ಕಾರಿನಲ್ಲಿ ಹೋದೆವು. 2017ರಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಚೆನಾನಿ–ನಾಶ್ರಿ ಸುರಂಗ, ರಾಂಬನ್ನಿನಲ್ಲಿ ಚಿನಾಬ್, ಆಮೇಲೆ ಬನಿಹಾಲಿನ ಸುರಂಗ ದಾಟಿದರೆ ಕಣಿವೆ. ಶ್ರೀನಗರಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಬೆಟ್ಟದ ಬುಡದಲ್ಲಿರುವ ವೇರಿನಾಗ್. ಝೇಲಂ ನದಿಯ ಮೂಲವೆನ್ನುವ ಬುಗ್ಗೆ ಅದು, ಅದರ ಸುತ್ತ ಎಂಟು ಮೂಲೆಯ ಕಲ್ಲಿನ ಕೊಳವನ್ನು ಕಟ್ಟಿಸಿದವನು ಜಹಾಂಗೀರ್. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಯಿಂದ ವರ್ಷವಿಡೀ ಬೀಳುವ ನೀರಿಗೆ ಕೈಯೊಡ್ಡಿ ಬೆಳೆದ ನಾನು, ಬುಗ್ಗೆಯೊಂದು ಹುಟ್ಟಿದ ಕ್ಷಣದಲ್ಲೇ ತುಂಬು ಹೊಳೆಯಾಗಿ ತೋಟದೊಳಗೆ ನುಗ್ಗಿ ಹೊರಟುಹೋಗುವುದನ್ನು ಅಲ್ಲಿಯೇ ಮೊದಲು ನೋಡಿದ್ದು.

ಹಿಂದಿರುಗುವ ದಾರಿಯಲ್ಲಿ ಮಳೆಗಾಲ ಮುಗಿಯುತ್ತ ಬಂದಿತ್ತು. ಹೋಗುವಾಗ ಮರಳಾಗಿದ್ದ ಪೆನ್ನಾರಿನಲ್ಲಿ ಪಾಮಿಡಿಯ ಬಳಿ ಕೆಂಪು ನೀರು ಹರಿಯುತ್ತಿತ್ತು. ಅದರಲ್ಲಿ ನಮ್ಮ ಗೌರಿಬಿದನೂರಿನ ಪಾಲೆಷ್ಟೆಂದು ಯಜಮಾನರು ಸೇತುವೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಲೆಕ್ಕಹಾಕಲು ಹೊರಟರು, ನಾನು ತಡೆದೆ. ನವೆಂಬರಿನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕಾದ್ದರಿಂದ ಹೇಗೂ ಊರಿಗೆ ಬರಲೇಬೇಕಿತ್ತು. ಈಗ ಅದನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದೆಂದು ಆಮೇಲೆ ಮಗಳು ಹೇಳಿದಳು.

ಟ್ರೇಲರ್ ಈಗ ಪೇರೇಸಂದ್ರದ ತೋಟದ ಮನೆಯ ಪಕ್ಕದಲ್ಲಿದೆ. 44ರ ದಕ್ಷಿಣದ ಭಾಗ ನಮಗೆ ಬಾಕಿಯಿದೆ: ಹೊಸೂರು, ಸೇಲಂ, ಕರೂರಿಗೆ ಮೊದಲು ಕಾವೇರಿ, ಮದುರೆಯಲ್ಲಿ ವೈಗೈ, ತಿರುನೆಲ್ವೇಲಿಯಲ್ಲಿ ತಾಮ್ರಪರ್ಣಿ, ಕೊನೆಗೆ ಕನ್ಯಾಕುಮಾರಿ. ಅದಕ್ಕೆ ಮೊದಲು ನೂರೈವತ್ತು ಲೀಟರಿನ ಟ್ಯಾಂಕು ಹಾಕಿಸೋಣವೆಂದು ಯಜಮಾನರು ಪಟ್ಟುಹಿಡಿದಿದ್ದಾರೆ. ಬೇಡವೆಂಬುದು ನನ್ನ ವಾದ. ಐವತ್ತು ಕಿಲೋ ಹೆಚ್ಚಾದರೆ ಮತ್ತೆ ಕೊಂಡಿಯ ತೂಕ ಸರಿಹೊಂದಿಸಲು ನನ್ನ ಬೇಳೆಯ ಡಬ್ಬಗಳನ್ನೇ ಸರಿಸಬೇಕಾಗುತ್ತದೆ. ಮೇಲಾಗಿ ಟ್ಯಾಂಕು ದೊಡ್ಡದಾದರೆ ಬಚ್ಚಲ ನೀರಿನ ಟ್ಯಾಂಕೂ ದೊಡ್ಡದಾಗಬೇಕು, ಬೇವಿನ ಮರಗಳನ್ನು ಇನ್ನೂ ಹೆಚ್ಚು ಹುಡುಕಬೇಕು. ಗ್ಯಾರೇಜಿನವನು ಮುಂದಿನ ವಾರ ಅಳತೆ ತೆಗೆದುಕೊಂಡು ಹೋಗಲು ಬರುತ್ತಾನಂತೆ.